ಸರ್ಕಾರ ಬದಲಾಯ್ತು, ರಿಜಿಸ್ಟರ್ ಬದಲಾಗಲಿಲ್ಲ

1982ರ ಡಿಸೆಂಬರ್ ಕೊನೆ. ಹೇರೋಹಳ್ಳಿ ಆಗಿನ್ನೂ ಹಳ್ಳಿ. ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು ರಾಗಿ ಹೊಲದ ಬದುವಿನ ಮೇಲೆ ನಡೆದರೆ ಮೊದಲು ಊರು, ಊರು ದಾಟಿದ ಮೇಲೆ ನಮ್ಮ ಕೇರಿ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಆಗಷ್ಟೇ ಫಿಟ್ಟರ್ ಕೆಲಸಕ್ಕೆ ಸೇರಿದ್ದೆ. ರಾತ್ರಿ ಪಾಳಿ ಇಲ್ಲದ ದಿನ ಕೇರಿಯ ಐದಾರು ಹುಡುಗರು ಸೇರಿ ಸುಣ್ಣದ ನೀರಿಗೆ ನೀಲಿ ಕಲಸಿ, ತೆಂಗಿನ ನಾರು ಜಜ್ಜಿ ಕುಂಚ ಮಾಡಿಕೊಂಡು, ಸಿಕ್ಕ ಸಿಕ್ಕ ಗೋಡೆಯ ಮೇಲೆ ಚಕ್ರದೊಳಗೆ ನೇಗಿಲು ಹೊತ್ತ ರೈತನನ್ನು ಬರೆಯುತ್ತಿದ್ದೆವು. ಜನತಾ ಪಕ್ಷದ ಗುರುತು ಅದು. ಯಾರೂ ನಮಗೆ ದುಡ್ಡು ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಬಹುಶಃ ಬರೆಯುತ್ತಲೂ ಇರಲಿಲ್ಲ.

ಆ ದಿನಗಳಲ್ಲಿ ನಮ್ಮ ಸಭೆಗಳಿಗೆ ಒಬ್ಬ ಮಫ್ತಿ ಪೊಲೀಸ್ ಬರುತ್ತಿದ್ದ. ಮಾಸಲು ಬಿಳಿ ಷರಟು, ಕಾಲಲ್ಲಿ ಮಾತ್ರ ಇಲಾಖೆಯ ಕೆಂಪು ಷೂ. ಟೀ ಅಂಗಡಿ ಬೆಂಚಿನ ಮೇಲೆ ಕೂತು ಯಾರು ಬಂದರು, ಯಾರು ಮಾತಾಡಿದರು, ಏನು ಮಾತಾಡಿದರು ಅಂತ ಒಂದು ಚಿಕ್ಕ ಪುಸ್ತಕದಲ್ಲಿ ಗೀಚಿಕೊಂಡು ಹೋಗುತ್ತಿದ್ದ. ಗುಂಡೂರಾಯರ ಸರ್ಕಾರದ ಕಾಲ. 1980ರಲ್ಲಿ ನರಗುಂದದ ರೈತರ ಮೇಲೆ ಗುಂಡು ಹಾರಿಸಿದ ಸರ್ಕಾರ ಅದು. ಅಂಥ ಸರ್ಕಾರ ನಮ್ಮ ಹಿಂದೆ ಕಣ್ಣಿಡುವುದು ಸಹಜ ಅಂದುಕೊಂಡಿದ್ದೆವು. ಜನವರಿಯಲ್ಲಿ ಚುನಾವಣೆ ಆಯಿತು. ಜನತಾ ರಂಗ 95 ಸ್ಥಾನ ಗೆದ್ದಿತು. ಈ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದರು. ಕೇರಿಯಲ್ಲಿ ತಮಟೆ ಬಡಿದೆವು.

ಎರಡು ವಾರ ಕಳೆದು ನಮ್ಮ ಸಭೆ ಸೇರಿತು. ನೋಡಿದರೆ ಅದೇ ಬೆಂಚು, ಅದೇ ಮನುಷ್ಯ, ಅದೇ ಪುಸ್ತಕ. ನಾನು ಹತ್ತಿರ ಹೋಗಿ ಕೇಳಿದೆ: “ಏನ್ ಸಾರ್, ಇನ್ನೂ ಬತ್ತಾ ಇದೀರಾ? ಸರ್ಕಾರ ಬದಲಾಯ್ತಲ್ಲ?” ಆತ ನಕ್ಕ. “ಸರ್ಕಾರ ಬದಲಾಯ್ತು ಕಣಪ್ಪಾ. ರಿಜಿಸ್ಟರ್ ಬದಲಾಗಿಲ್ಲ.”

ನಾವೂ ನಕ್ಕೆವು. ಹೊಸ ಸರ್ಕಾರ ಇನ್ನೂ ಕುರ್ಚಿ ಒರೆಸಿಕೊಳ್ಳುತ್ತಾ ಇದೆ, ಸ್ವಲ್ಪ ದಿನ ಹೋದರೆ ಎಲ್ಲ ಸರಿಹೋಗುತ್ತೆ ಅಂದುಕೊಂಡೆವು. ಆ ಮಾತಿನ ಅರ್ಥ ನನಗೆ ಆಗಲು ಐದೂವರೆ ವರ್ಷ ಬೇಕಾಯಿತು. ನಮ್ಮ ಎಷ್ಟೋ ಗೆಳೆಯರಿಗೆ ಇವತ್ತಿಗೂ ಆಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೆಳೆಯರೇ, ಹೆಗಡೆ ಸರ್ಕಾರವನ್ನು ನಾವು ಯಾಕೆ ಅಷ್ಟು ನಂಬಿದೆವು? ಆ ಸಾಲಿನ ನಾಯಕರೆಲ್ಲ ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರು. ಹೆಗಡೆ ಜೈಲಿಗೆ ಹೋದವರು, ದೇವೇಗೌಡರು ಜೈಲಿಗೆ ಹೋದವರು. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ಬೆಂಗಳೂರಿನ ಶೇಷಾದ್ರಿ ರಸ್ತೆಯ ಸೆಂಟ್ರಲ್ ಜೈಲು ದೇಶದ ರಾಜಕೀಯ ಕೈದಿಗಳ ಛತ್ರ ಆಗಿತ್ತು. ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅಲ್ಲಿದ್ದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಹಿಡಿದು ಅಲ್ಲಿಗೆ ತಳ್ಳಿದರು. ಅಸ್ತಮಾ ಇದ್ದ ಹೆಂಗಸು. ಎಂಟು ತಿಂಗಳಾದ ಮೇಲೆ, ಇನ್ನು ಬದುಕುವುದಿಲ್ಲ ಅನ್ನಿಸಿದಾಗ ಪೆರೋಲಿನ ಮೇಲೆ ಬಿಟ್ಟರು. 1977ರ ಜನವರಿ 20ರಂದು ಆಕೆ ಸತ್ತರು. ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾನೆ ಹೇಳು ಅಂತ ಅವರ ತಮ್ಮ ಲಾರೆನ್ಸ್‌ರನ್ನು ಇದೇ ಊರಿನ ಪೊಲೀಸರು ಮೈಮೂಳೆ ಮುರಿಯುವಂತೆ ಹೊಡೆದರು.

ಇಲ್ಲಿ ಒಂದು ಮಾತನ್ನು ನಾವು, ದಲಿತ ಚಳವಳಿಯವರು, ನೆಲ ನೋಡದೆ ಹೇಳಬೇಕು. ಆ ಜೈಲಿನ ಕೀಲಿ ಇದ್ದದ್ದು ದೇವರಾಜ ಅರಸರ ಸರ್ಕಾರದ ಕೈಯಲ್ಲಿ. 1974ರ ಭೂಸುಧಾರಣೆ ತಂದ ಅರಸು. ಹಾವನೂರು ಆಯೋಗ ನೇಮಿಸಿದ ಅರಸು. ಜೀತ ರದ್ದಾದ ಕಾಲ ಅದು. ನಮ್ಮ ಎಷ್ಟೋ ಹಿರಿಯರು “ಜೈಲಿಗೆ ಹೋದೋರು ದೊಡ್ ದೊಡ್ಡೋರು, ನಮಗೆ ನೆಲ ಬಂತು” ಅಂತ ಸುಮ್ಮನಿದ್ದರು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಸಾವಿರಾರು ವರ್ಷ ಅಂಗೈಯಗಲ ನೆಲ ಇಲ್ಲದವನ ಕೈಗೆ ನೆಲ ಸಿಕ್ಕಾಗ ಅವನು ಶೇಷಾದ್ರಿ ರಸ್ತೆಯ ಕಡೆ ತಿರುಗಿ ನೋಡಲಿಲ್ಲ. ಆದರೆ ನಾವು ಕಲಿತ ಕೆಟ್ಟ ಪಾಠದ ಮೊದಲ ಅಕ್ಷರವೂ ಅದೇ: ನಮ್ಮ ಕೆಲಸ ಮಾಡಿಕೊಟ್ಟ ಸರ್ಕಾರ ಬೇರೆಯವರಿಗೆ ಏನು ಮಾಡಿದರೂ ನಡೆಯುತ್ತೆ ಅನ್ನುವ ಪಾಠ.

ಇನ್ನು 1988ಕ್ಕೆ ಬನ್ನಿ.

ಹೆಗಡೆ ಸರ್ಕಾರ ಒಳ್ಳೆಯದು ಏನೂ ಮಾಡಲಿಲ್ಲ ಅಂದರೆ ಸುಳ್ಳಾಗುತ್ತೆ. ಲೋಕಾಯುಕ್ತ ಬಂತು. ನಜೀರ್‌ಸಾಬರ ಕೆಲಸದಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿ ಬಂದವು. 1987ರ ಚುನಾವಣೆಯಲ್ಲಿ ಹೆಣ್ಣುಮಕ್ಕಳಿಗೆ 25 ಪಾಲು ಸ್ಥಾನ ಮೀಸಲಾಯಿತು, ನಮ್ಮವರೂ ಮಂಡಲದ ಕುರ್ಚಿ ಮೇಲೆ ಕೂತರು. “ಮೌಲ್ಯಾಧಾರಿತ ರಾಜಕಾರಣ” ಅನ್ನುವ ಮಾತು ಆಗ ದೇಶವೆಲ್ಲ ಓಡಾಡಿತು. ಇಷ್ಟೆಲ್ಲ ಆದ ಮೇಲೆ ಗೊತ್ತಾಯಿತು, ಈ ಮೌಲ್ಯದ ಸರ್ಕಾರದ ಪೊಲೀಸರು ರಾಜಕಾರಣಿಗಳ ಟೆಲಿಫೋನಿಗೆ ಕಿವಿ ಹಚ್ಚಿ ಕೂತಿದ್ದರು ಅಂತ. ಜನತಾ ಪಕ್ಷದ ಅಧ್ಯಕ್ಷರಾಗಿದ್ದ ಅಜಿತ್ ಸಿಂಗ್ ಮತ್ತು ದೇವೇಗೌಡರು ಆಡಿದ ಮಾತುಕತೆ ಪತ್ರಿಕೆಯಲ್ಲಿ ಅಚ್ಚಾಯಿತು. ಕೇಂದ್ರದ ಸಂಪರ್ಕ ಸಚಿವರು ಸಂಸತ್ತಿನಲ್ಲಿ ವಿವರ ಇಟ್ಟರು. 1988ರ ಆಗಸ್ಟ್ 10ರಂದು ಹೆಗಡೆ ರಾಜೀನಾಮೆ ಕೊಟ್ಟರು. ನಾನು ಆದೇಶ ಮಾಡಿಲ್ಲ, ನೈತಿಕ ಹೊಣೆ ಹೊರುತ್ತೇನೆ ಅಂದರು. ಮೂರು ದಿನಕ್ಕೆ ಬೊಮ್ಮಾಯಿ ಮುಖ್ಯಮಂತ್ರಿ ಆದರು.

ಕದ್ದು ಕೇಳಲು ಸಿಕ್ಕ ಕಾನೂನು ಯಾವುದು ಗೊತ್ತೇ? 1885ರ ಇಂಡಿಯನ್ ಟೆಲಿಗ್ರಾಫ್ ಕಾಯ್ದೆ. ಬ್ರಿಟಿಷ್ ದೊರೆ ತನ್ನ ಗುಲಾಮರ ತಂತಿ ಸುದ್ದಿ ಓದಲು ಮಾಡಿಕೊಂಡದ್ದು. ಸಾರ್ವಜನಿಕ ತುರ್ತು ಇದ್ದರೆ, ಸಾರ್ವಜನಿಕ ಸುರಕ್ಷತೆಗೆ ಬೇಕಾದರೆ ಸರ್ಕಾರ ಕೇಳಬಹುದು ಅಂತ ಅದರ 5ನೇ ಕಲಮು ಹೇಳುತ್ತಿತ್ತು. ಹಾಗೆ ತುರ್ತು ಇದೆ ಅಂತ ತೀರ್ಮಾನಿಸುವವರು ಯಾರು? ಸರ್ಕಾರವೇ. ಕಳ್ಳನೂ ಅವನೇ, ಪಂಚಾಯ್ತಿದಾರನೂ ಅವನೇ. ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರು ಗದ್ದುಗೆಗೆ ಬಂದರು. ಬಂದ ದಿನವೇ ಆ ಕಲಮಿಗೆ ಮೂಗುದಾರ ಹಾಕಿ ಅಂತ ದಿಲ್ಲಿಗೆ ಒಂದು ಠರಾವು ಕಳಿಸಬಹುದಿತ್ತು. ನಮ್ಮ ರಾಜ್ಯದೊಳಗಾದರೂ ಇಂತಿಂಥ ಕಟ್ಟುಪಾಡು ಇಲ್ಲದೆ ಯಾರ ಮಾತನ್ನೂ ಕೇಳುವುದಿಲ್ಲ ಅಂತ ಒಂದು ನಿಯಮ ಮಾಡಬಹುದಿತ್ತು. ಮಾಡಲಿಲ್ಲ. ಜೈಲಿನಿಂದ ಹೊರಗೆ ಬಂದವರಿಗೆ ಕೀಲಿಕೈ ಸಿಕ್ಕಿತು. ಬೀಗವನ್ನು ಒಡೆದು ಹಾಕುವುದು ಬಿಟ್ಟು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆಗ ನಮ್ಮ ಬಳಗದಲ್ಲಿ ಏನೇನು ಮಾತು ಬಂತು? ನನಗೆ ಚೆನ್ನಾಗಿ ನೆನಪಿದೆ. ನಾನೇ ಆಡಿದ ಮಾತೂ ಅದರಲ್ಲಿ ಇರುವುದರಿಂದ ನೆನಪಿದೆ.

ಮೊದಲ ಮಾತು: “ಹೆಗಡೆಯವರಿಗೆ ಗೊತ್ತೇ ಇರಲಿಲ್ಲ, ಅಧಿಕಾರಿಗಳು ಮಾಡಿದ್ದು.” ಗೊತ್ತಿದ್ದರೆ ಅದು ಅಪರಾಧ. ಗೊತ್ತಿಲ್ಲದಿದ್ದರೆ ಇನ್ನೂ ಭಯಂಕರ. ಮುಖ್ಯಮಂತ್ರಿಗೇ ಗೊತ್ತಿಲ್ಲದೆ ಪೊಲೀಸರು ತಮಗೆ ಬೇಕಾದವರ ಮಾತು ಕೇಳಬಹುದಾದರೆ ಈ ರಾಜ್ಯ ಆಳುವವರು ಯಾರು? ನಾವು ಓಟು ಹಾಕಿದ್ದು ಯಾರಿಗೆ?

ಎರಡನೇ ಮಾತು: “ಕಾಂಗ್ರೆಸ್‌ನವರು ಮಾಡಿಲ್ಲವಾ?” ಮಾಡಿದ್ದರು, ಇನ್ನೂ ಜಾಸ್ತಿ ಮಾಡಿದ್ದರು. ಹೆಗಡೆ ಮೇಲೆ ಬೆರಳು ತೋರಿಸುತ್ತಿದ್ದ ರಾಜೀವ್ ಗಾಂಧಿ ಸರ್ಕಾರವೇ 1986ರಲ್ಲಿ ಜನರ ಕಾಗದ ಒಡೆದು ಓದಲು ಅಂಚೆ ಮಸೂದೆ ಪಾಸು ಮಾಡಿಸಿತ್ತು. ರಾಷ್ಟ್ರಪತಿ ಜೈಲ್ ಸಿಂಗ್ ಅದಕ್ಕೆ ಸಹಿ ಹಾಕದೆ ಇಟ್ಟುಕೊಂಡರು. ಹೆಗಡೆ ರಾಜೀನಾಮೆ ಕೊಟ್ಟ ಅದೇ ಆಗಸ್ಟ್ ಕೊನೆಯಲ್ಲಿ ಪತ್ರಿಕೆಗಳ ಬಾಯಿ ಹೊಲಿಯುವ ಮಾನನಷ್ಟ ಮಸೂದೆಯನ್ನು ಲೋಕಸಭೆಯಲ್ಲಿ ಪಾಸು ಮಾಡಿದರು. ಪತ್ರಕರ್ತರು ಬೀದಿಗಿಳಿದ ಮೇಲೆ ವಾಪಸು ತೆಗೆದುಕೊಂಡರು. ಸರಿ, ಅವರು ಮಾಡಿದರು. ಅವರು ಮಾಡಿದರು ಅಂತಲೇ ತಾನೇ ಅವರನ್ನು ಇಳಿಸಿದ್ದು? ಆ ಮನೆಯಲ್ಲಿ ಹೇಲು ತುಳಿದರು ಅಂತ ಈ ಮನೆಗೆ ಬಂದರೆ, ಇಲ್ಲೂ ತುಳಿಸಿ, ಅಲ್ಲೂ ತುಳಿದಿದ್ದೆಯಲ್ಲ ಅನ್ನುವುದು ಯಾವ ನ್ಯಾಯ?

ಮೂರನೇ ಮಾತು: “ಈಗ ಬಾಯಿ ತೆರೆದರೆ ಶತ್ರುವಿಗೆ ಲಾಭ.” ಇದು ಎಲ್ಲಕ್ಕಿಂತ ಗೌರವಸ್ಥ ಮಾತು. ಇದನ್ನಾಡಿದವನು ನಾನು. ನಮ್ಮ ಕೇರಿಯ ಒಬ್ಬ ಹುಡುಗ, ಪಿಯುಸಿ ಓದುತ್ತಿದ್ದವನು, ಒಂದು ಕರಪತ್ರ ಬರೆದುಕೊಂಡು ಬಂದಿದ್ದ. ‘ಕದ್ದು ಕೇಳಿದವರು ಯಾರೇ ಆಗಲಿ ಶಿಕ್ಷೆ ಆಗಲಿ’ ಅಂತ ಶುರುವಾಗುತ್ತಿತ್ತು. ಮುದ್ರಣಕ್ಕೆ ನಾವು ಹತ್ತು ಹತ್ತು ರೂಪಾಯಿ ಹಾಕಬೇಕಿತ್ತು. ನಾನು ಓದಿ ಮಡಿಚಿ ಜೇಬಿಗೆ ಹಾಕಿಕೊಂಡೆ. “ಈಗ ಬೇಡ ಕಣೋ. ಮೊದಲು ಸರ್ಕಾರ ಉಳೀಲಿ, ಆಮೇಲೆ ನೋಡೋಣ” ಅಂದೆ. ಅವನು ಏನೂ ಹೇಳಲಿಲ್ಲ. ಮುಂದಿನ ಸಭೆಗೆ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ.

ಸರ್ಕಾರ ಉಳಿಯಿತೇ? 1989ರ ಏಪ್ರಿಲ್ 21ರಂದು ಬೊಮ್ಮಾಯಿ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. ಬಹುಮತ ಇದೆಯೋ ಇಲ್ಲವೋ ಸದನದಲ್ಲಿ ನೋಡೋಣ ಅನ್ನುವ ಅವಕಾಶವನ್ನೂ ಕೊಡಲಿಲ್ಲ. ರಾಜ್ಯಪಾಲರ ಒಂದು ವರದಿ ಸಾಕಾಯಿತು. ಅದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1994ರಲ್ಲಿ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ವಜಾ ಆದ ದಿನ ನಾವು ಬೀದಿಗೆ ಬಂದು ‘ಪ್ರಜಾಪ್ರಭುತ್ವದ ಕೊಲೆ’ ಅಂತ ಕೂಗಿದೆವು. ಜನ ನಮ್ಮ ಮುಖ ನೋಡಿದರು. ಆರು ತಿಂಗಳ ಹಿಂದೆ ನಿಮ್ಮ ಬಾಯಲ್ಲಿ ಏನಿತ್ತು ಅನ್ನುವ ನೋಟ ಅದು. 1989ರ ನವೆಂಬರ್ ಚುನಾವಣೆಯಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು. ನಾವು ಬಾಯಿ ಮುಚ್ಚಿಕೊಂಡದ್ದರಿಂದ ಸರ್ಕಾರ ಉಳಿಯಲಿಲ್ಲ. ಆ ಹುಡುಗ ಮಾತ್ರ ಕಳೆದುಹೋದ.

ಈ ಕಥೆಯನ್ನೆಲ್ಲ ಕೇಳಿ ಕೇರಿಯ ಒಬ್ಬ ಅಜ್ಜಿ ಆಗಲೇ ನಮ್ಮ ಬಾಯಿ ಮುಚ್ಚಿಸಿತ್ತು. “ಅಲ್ಲ ಕಣ್ರಲಾ, ನಮ್ ಕೇರೀಲಿ ಒಂದ್ ಪೋನೂ ಇಲ್ಲ. ಕದ್ದು ಕೇಳೋಕೆ ನಮ್ತಾವ ಏನದೆ? ದೊಡ್ಡೋರ್ ಮಾತ್ನ ದೊಡ್ಡೋರು ಕೇಳ್ಕಂಡ್ರೆ ನಿಮ್ಗೇನ್ ಬಂತು?” ಅಂತ.

ಅಜ್ಜಿಯ ಪ್ರಶ್ನೆ ನಿಜವಾದ ಪ್ರಶ್ನೆ. ಖಾಸಗಿತನ ಅನ್ನುವುದು ಬಾಗಿಲು ಇರುವ ಮನೆಯವರ ಚಿಂತೆ, ಗುಡಿಸಲಿಗೆ ಯಾವ ಖಾಸಗಿತನ ಅಂತ ನಮ್ಮಲ್ಲೇ ಕೆಲವರು ಈಗಲೂ ಹೇಳುತ್ತಾರೆ. ಆದರೆ ಸ್ವಲ್ಪ ಯೋಚನೆ ಮಾಡಿ. ಮೇಲ್ಜಾತಿಯ ವಕೀಲರಿಗೆ, ಸಂಪಾದಕರಿಗೆ ತಮ್ಮ ಮೇಲೆ ಕಣ್ಣಿಟ್ಟಿದ್ದಾರೆ ಅಂತ ಗೊತ್ತಾದದ್ದು 1975ರಲ್ಲಿ. ನಮಗೆ? ಊರು ಹುಟ್ಟಿದಾಗಿನಿಂದ ಕೇರಿಯ ಮೇಲೆ ಊರಿನ ಕಣ್ಣಿದೆ. ಯಾರ ಮನೆಯ ಹುಡುಗ ಹೊಸ ಚಪ್ಪಲಿ ಹಾಕಿದ, ಯಾರ ಮನೆಯ ಹುಡುಗಿ ಯಾರ ಜೊತೆ ಮಾತಾಡಿದಳು, ಯಾವ ಮನೆಯಲ್ಲಿ ಏನು ಬೇಯುತ್ತಿದೆ, ಎಲ್ಲದರ ಲೆಕ್ಕ ಊರಿಗೆ ಬೇಕು. ಆ ಲೆಕ್ಕ ಬರೆದುಕೊಳ್ಳಲು ಪುಸ್ತಕ ಬೇಕಿರಲಿಲ್ಲ, ಜಾತಿಯೇ ಪುಸ್ತಕ ಆಗಿತ್ತು. ಬ್ರಿಟಿಷರು ಬಂದು ಅದಕ್ಕೆ ರಟ್ಟು ಹಾಕಿದರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೊರಮ, ಕೊರಚರಂಥ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿ ಮಾಡುವ ದಾರಿ ತೆಗೆಯಿತು. ಠಾಣೆಗೆ ಹೋಗಿ ಹಾಜರಿ ಹಾಕಬೇಕು, ಹೇಳದೆ ಊರು ಬಿಡಬಾರದು. 1952ರಲ್ಲಿ ಅದು ರದ್ದಾಯಿತು. ‘ರೂಢಿಗತ ಅಪರಾಧಿ’ ಅನ್ನುವ ಬೇರೆ ಹೆಸರಿನ ಕಾನೂನುಗಳು ಅದರ ಜಾಗದಲ್ಲಿ ಬಂದು ಕೂತವು.

ಇನ್ನೂ ನೋವಿನ ಸಂಗತಿ ಏನೆಂದರೆ, ಕಾವಲಿನ ಕೆಲಸಕ್ಕೂ ನಮ್ಮವರನ್ನೇ ಹಚ್ಚಿದರು. ತೋಟಿ, ತಳವಾರ, ಕುಳವಾಡಿ ಯಾರು? ಗೌಡನ ಬೆಳೆ ಕಾಯಬೇಕು, ಶಾನುಭೋಗನ ಚೀಟಿ ಹೊರಬೇಕು, ಊರಿಗೆ ಬಂದ ಅಪರಿಚಿತನ ಸುದ್ದಿ ಪಟೇಲನಿಗೆ ಮುಟ್ಟಿಸಬೇಕು. ಊರಿನ ಕಣ್ಣು ಕಿವಿ ನಾವು, ಊರಿನ ಒಳಕ್ಕೆ ಮಾತ್ರ ಪ್ರವೇಶ ಇಲ್ಲ. 1961ರ ಕಾನೂನು ಗ್ರಾಮದ ವಂಶಪಾರಂಪರ್ಯ ಚಾಕರಿಗಳನ್ನು ರದ್ದು ಮಾಡಿತು. ಟೀ ಅಂಗಡಿಯ ಆ ಮಫ್ತಿ ಪೊಲೀಸಿನವನ ವಿಷಯ ಹೇಳಿದೆನಲ್ಲ. ಒಂದು ದಿನ ನಾನು ಮತ್ತೆ ಸಾರ್ ಅಂದಾಗ ಆತ ಆ ಕಡೆ ಈ ಕಡೆ ನೋಡಿ ಹೇಳಿದ: “ಸಾರ್ ಅನ್ಬೇಡ ಕಣಪ್ಪಾ. ನಾನೂ ನಿಮ್ಮೋನೇ. ಬರ್ಕೊಂಡ್ ಹೋಗ್ದಿದ್ರೆ ನನ್ ಕೆಲ್ಸ ಹೋಯ್ತದೆ.” ಅವನ ಅಪ್ಪ ತೋಟಿ ಆಗಿದ್ದನಂತೆ. ಮಗ ಪ್ಯಾಂಟು ಹಾಕಿಕೊಂಡು ಅದೇ ಚಾಕರಿ ಮಾಡುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಗೆ ಆ ಪುಸ್ತಕ ಕೊಟ್ಟವರ ಮೇಲೆ ಇದೆ.

ಆದ್ದರಿಂದ ಅಜ್ಜಿಗೆ ಆಗ ಕೊಡಲಾಗದ ಉತ್ತರ ಈಗ ಕೊಡುತ್ತೇನೆ: ಅಜ್ಜೀ, ಮಂತ್ರಿ ಮಟ್ಟದವರ ಮಾತನ್ನೇ ಹೇಳೋರು ಕೇಳೋರು ಇಲ್ಲದೆ ಕೇಳಿದವರು ನಿನ್ನ ಮೊಮ್ಮಗನ ವಿಷಯದಲ್ಲಿ ಕಾನೂನು ಪುಸ್ತಕ ತೆಗೆದು ನೋಡುತ್ತಾರೆಯೇ? ಅವರಿಗಾದರೆ ರಾಜೀನಾಮೆ, ಸಂಸತ್ತು, ಪತ್ರಿಕೆ ಉಂಟು. ನಮಗೆ ಆಗಿದ್ದು ಯಾರಿಗೂ ಸುದ್ದಿಯಾಗುವುದಿಲ್ಲ.

ಈ ಪ್ರಭುತ್ವದ ಕಿವಿ ಎಂಥದ್ದು ಅಂತ ನೋಡಿ. 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರ ಬಾಯಿಗೆ ಮಲ ತುರುಕಿದರು. ಮೌಲ್ಯಾಧಾರಿತ ಸರ್ಕಾರದ ಕಾಲದಲ್ಲೇ ಆದದ್ದು. ಬೀದಿಗೆ ಬಂದು ಕೂಗಿ, ಜಾಥಾ ಮಾಡಿ ಕಿವಿಗೆ ಹಾಕಬೇಕಾಯಿತು. ಶಾಸಕರು ಪಿಸುಗುಟ್ಟಿದರೆ ಕೇಳುವ ಕಿವಿಗೆ ಬೆಂಡಿಗೇರಿಯ ಕೂಗು ಕೇಳಲಿಲ್ಲ. 2000ದ ಮಾರ್ಚ್‌ನಲ್ಲಿ ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಆ ಸಾಕ್ಷಿಗಳ ಬಾಯಿ ಹೇಗೆ ಕಟ್ಟಿತು ಅನ್ನುವುದನ್ನು ಪತ್ತೆ ಮಾಡಲು ಯಾವ ಗುಪ್ತದಳವೂ ಕಿವಿ ಹಚ್ಚಿ ಕೂರಲಿಲ್ಲ. ಕಾವಲು ನಮ್ಮ ರಕ್ಷಣೆಗೆ ಅನ್ನುವವರು ಇದಕ್ಕೆ ಉತ್ತರ ಹೇಳಲಿ. ಕಾವಲಿನ ಕಣ್ಣು ಯಾವತ್ತೂ ಮೇಲಿನಿಂದ ಕೆಳಕ್ಕೆ ನೋಡುತ್ತೆ. ಕೆಳಗಿನಿಂದ ಮೇಲಕ್ಕೆ ನೋಡಿದ ಕಣ್ಣಿಗೆ ಖಾರದ ಪುಡಿ.

1988ರ ನಂತರ ಬುದ್ಧಿ ಬಂತೇ? 1991ರಲ್ಲಿ ಪಿಯುಸಿಎಲ್ ಸಂಘಟನೆ ಫೋನ್ ಕದ್ದಾಲಿಕೆ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಡಿಸೆಂಬರ್ 18ರಂದು ತೀರ್ಪು ಬಂತು: ಫೋನಿನಲ್ಲಿ ಆಡುವ ಮಾತು ಮನುಷ್ಯನ ಜೀವಿಸುವ ಹಕ್ಕಿಗೆ ಸೇರಿದ್ದು, ಗೃಹ ಕಾರ್ಯದರ್ಶಿಯ ಆದೇಶ ಇಲ್ಲದೆ ಕೇಳಬಾರದು, ಎರಡು ತಿಂಗಳಿಗೊಮ್ಮೆ ನೋಡಬೇಕು, ಆರು ತಿಂಗಳಿಗೆ ಮೀರಬಾರದು, ಒಂದು ಪರಿಶೀಲನಾ ಸಮಿತಿ ಇರಬೇಕು. ಒಳ್ಳೆಯದೇ. ಆದರೆ ಆದೇಶ ಮಾಡುವವನು ಸರ್ಕಾರದ ಕಾರ್ಯದರ್ಶಿ, ಅದು ಸರಿಯೋ ಅಂತ ನೋಡುವವರೂ ಸರ್ಕಾರದ ಕಾರ್ಯದರ್ಶಿಗಳು. ನ್ಯಾಯಾಧೀಶರ ಅಪ್ಪಣೆ ಬೇಕು ಅನ್ನುವ ಬೇಡಿಕೆಯನ್ನು ಕೋರ್ಟು ಒಪ್ಪಲಿಲ್ಲ. 1885ರ ಕಾನೂನಿನ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು, 2024ರ ಡಿಸೆಂಬರ್‌ನಲ್ಲಿ ನಿಯಮ ಬಂದವು. ಅಲ್ಲೂ ಅದೇ ಕಥೆ. ಕಾರ್ಯದರ್ಶಿ ಹೇಳುತ್ತಾನೆ, ಕಾರ್ಯದರ್ಶಿಗಳು ನೋಡುತ್ತಾರೆ, ಆಮೇಲೆ ದಾಖಲೆ ನಾಶ. ಯಾರ ಮಾತನ್ನು ಕೇಳಿದರೋ ಅವನಿಗೆ ಸಾಯುವ ತನಕ ಗೊತ್ತಾಗುವುದಿಲ್ಲ.

2012ರಲ್ಲಿ ನಮ್ಮದೇ ಬೆಂಗಳೂರಿನ ಒಬ್ಬ ಮುದುಕರು, ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಧಾರ್ ವಿರುದ್ಧ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಸೇರಿ ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ತೀರ್ಪಿಗೆ ಅವರದೇ ಹೆಸರು. ಅದರ ಮೇಲೂ ಏನಾಯಿತು? 2019ರ ಆಗಸ್ಟ್‌ನಲ್ಲಿ, ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರದ ಕಾಲದಲ್ಲಿ ಫೋನ್ ಕದ್ದಾಲಿಕೆ ನಡೆದಿತ್ತು ಅನ್ನುವ ಆರೋಪ ಎದ್ದಿತು. ಅವರು ಅಲ್ಲಗಳೆದರು. ಯಡಿಯೂರಪ್ಪನವರು ತನಿಖೆಯನ್ನು ಸಿಬಿಐಗೆ ಕೊಟ್ಟರು. 2021ರ ಜೂನ್‌ನಲ್ಲಿ ಯಡಿಯೂರಪ್ಪನವರ ಸರ್ಕಾರ ಇರುವಾಗಲೇ ಅವರ ಪಕ್ಷದ ಶಾಸಕ ಅರವಿಂದ ಬೆಲ್ಲದ್ ನನ್ನ ಫೋನ್ ಕೇಳುತ್ತಿದ್ದಾರೆ ಅಂದರು. ಮರು ತಿಂಗಳು ಪೆಗಾಸಸ್ ಪಟ್ಟಿ ಹೊರಗೆ ಬಂತು. ಗುರಿಯಾಗಿರಬಹುದಾದ ನಂಬರುಗಳಲ್ಲಿ 2019ರಲ್ಲಿ ಉಪಮುಖ್ಯಮಂತ್ರಿ ಆಗಿದ್ದ ಪರಮೇಶ್ವರರದ್ದೂ, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳದ್ದೂ ಇದ್ದವು ಅಂತ ಪತ್ರಿಕೆಗಳು ಬರೆದವು. ಸುಪ್ರೀಂ ಕೋರ್ಟಿನ ತಜ್ಞರ ಸಮಿತಿಗೆ ಕೇಂದ್ರ ಸರ್ಕಾರ ಸಹಕಾರ ಕೊಡಲಿಲ್ಲ ಅಂತ 2022ರಲ್ಲಿ ಕೋರ್ಟಿನಲ್ಲೇ ಹೇಳಿದರು. ಬಿಳಿ, ಹಸಿರು, ಕೇಸರಿ, ಯಾವ ಬಣ್ಣದ ಟೋಪಿ ಹಾಕಿದರೂ ಕಿವಿ ಒಂದೇ.

ಈಗ ಹೇರೋಹಳ್ಳಿ ಹಳ್ಳಿಯಲ್ಲ, ಬೆಂಗಳೂರಿನ ಹೊಟ್ಟೆಯೊಳಗಿದೆ. ರಾಗಿ ಹೊಲದ ಮೇಲೆ ಮೂರಂತಸ್ತಿನ ಬಾಡಿಗೆ ಮನೆಗಳು. ಫೋನೇ ಇಲ್ಲದ ಕೇರಿಯಲ್ಲಿ ಪ್ರತಿ ಕೈಯಲ್ಲೂ ಫೋನು. ‘ಸೇಫ್ ಸಿಟಿ’ ಹೆಸರಿನಲ್ಲಿ ನಗರದ ಕಂಬಗಳಿಗೆ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಬಂದವು. ಬೆಳಗಿನ ಜಾವ ಬೀದಿ ಗುಡಿಸುವ ನಮ್ಮ ಹೆಣ್ಣುಮಕ್ಕಳು ಪೊರಕೆ ಹಿಡಿಯುವ ಮೊದಲು ಯಂತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು ಅನ್ನುವ ಕಾಲ ಬಂತು. ಪೊರಕೆ ಹಿಡಿದೂ ಹಿಡಿದೂ ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ಗೈರುಹಾಜರಿ. 2023ರ ಜನವರಿಯಿಂದ ಉದ್ಯೋಗ ಖಾತರಿ ಕೂಲಿಗಳಿಗೆ ದಿನಕ್ಕೆ ಎರಡು ಸಲ ಫೋಟೋ ತೆಗೆಸಿಕೊಳ್ಳುವುದು ಕಡ್ಡಾಯವಾಯಿತು. ಸಿಗ್ನಲ್ ಸಿಗದ ಹಳ್ಳಿಯಲ್ಲಿ ಫೋಟೋ ಹೋಗದಿದ್ದರೆ ಕೂಲಿ ಹೋಯಿತು. ಗುತ್ತಿಗೆದಾರನ ಫೋಟೋ ಯಾರಾದರೂ ತೆಗೆದರಾ? ಹಳ್ಳಿಯ ಮೇಷ್ಟ್ರುಗಳೇ, ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಅಂದು ಕೊರಮರವನು ಠಾಣೆಯಲ್ಲಿ ಹಾಕಿದ ಹಾಜರಿಗೂ ಇದಕ್ಕೂ ಎಷ್ಟು ದೂರ?

ಅವರು ನಮ್ಮನ್ನು ನೋಡಬಹುದು, ನಾವು ಅವರನ್ನು ನೋಡುವ ಕಿಂಡಿ ಮಾತ್ರ ಮುಚ್ಚಬೇಕು. 2023ರ ದತ್ತಾಂಶ ರಕ್ಷಣೆ ಕಾಯ್ದೆ ಸರ್ಕಾರ ತನಗೆ ಬೇಕಾದ ಏಜೆನ್ಸಿಗಳಿಗೆ ವಿನಾಯಿತಿ ಕೊಟ್ಟುಕೊಳ್ಳಲು ಬಾಗಿಲು ತೆರೆಯಿತು. ಅದೇ ಕಾಯ್ದೆ ಮಾಹಿತಿ ಹಕ್ಕಿನ ಕಲಮನ್ನು ತಿದ್ದಿ, ‘ವೈಯಕ್ತಿಕ ಮಾಹಿತಿ’ ಅನ್ನುವ ನೆಪದಲ್ಲಿ ಅಧಿಕಾರಿಗಳು ಉತ್ತರ ಕೊಡದಿರಲು ದಾರಿ ಮಾಡಿತು. ಇದು ದಿಲ್ಲಿಯ ಕೆಲಸ, ಅವರಿಂದ ನಾವು ಏನನ್ನೂ ಬಯಸಿರಲಿಲ್ಲ.

ನನ್ನ ಮಾತು ನಮ್ಮವರ ಬಗ್ಗೆ. 2022ರ ಡಿಸೆಂಬರ್ 6ರಂದು ನ್ಯಾಷನಲ್ ಕಾಲೇಜು ಮೈದಾನದಲ್ಲಿ ಒಡೆದುಹೋಗಿದ್ದ ದಲಿತ ಸಂಘಟನೆಗಳು ಒಟ್ಟಿಗೆ ಸೇರಿದವು. ಎಷ್ಟೋ ವರ್ಷಕ್ಕೆ ಕಣ್ಣು ತುಂಬಿದ ದಿನ ಅದು. 2023ರ ಮೇ ತಿಂಗಳಲ್ಲಿ ನಮ್ಮವರು ಊರೂರು ತಿರುಗಿ, ಸಂವಿಧಾನ ಉಳಿಸಿ ಅಂತ ಹೇಳಿ ಓಟು ಹಾಕಿಸಿದರು. ಸರ್ಕಾರ ಬದಲಾಯ್ತು. ರಿಜಿಸ್ಟರ್?

ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವುದಾದರೆ ಸ್ವಾತಂತ್ರ್ಯ ಉದ್ಯಾನದೊಳಗೆ ಮಾತ್ರ ಅನ್ನುವ 2021ರ ಆದೇಶ ಬಿಜೆಪಿ ಕಾಲದ್ದು. ಸರ್ಕಾರ ಬದಲಾದ ಮೇಲೆ ಅದು ಬಿದ್ದುಹೋಗುತ್ತ್ತೆ ಅಂದುಕೊಂಡಿದ್ದೆವು, ಬೀಳಲಿಲ್ಲ. ಹೊರಗೆ ನಿಂತು ಕೂಗಿದವರ ಮೇಲೆ ಕೇಸು ಹಾಕುವ ಅಭ್ಯಾಸವೂ ನಿಲ್ಲಲಿಲ್ಲ. ಸ್ವಾತಂತ್ರ್ಯ ಉದ್ಯಾನ ಅಂದರೆ ಯಾವ ಜಾಗ ಗೊತ್ತಲ್ಲ? ಶೇಷಾದ್ರಿ ರಸ್ತೆಯ ಅದೇ ಹಳೆಯ ಸೆಂಟ್ರಲ್ ಜೈಲು! ಸ್ನೇಹಲತಾ ರೆಡ್ಡಿ ಉಸಿರಿಗೆ ಒದ್ದಾಡಿದ ಆವರಣ. ನಿಮ್ಮ ಸ್ವಾತಂತ್ರ್ಯ ಬೇಕಾದರೆ ಜೈಲಿನೊಳಗೆ ಹೋಗಿ ಅನುಭವಿಸಿ ಅಂತ ನಮಗೆ ಹೇಳುತ್ತಿದ್ದಾರೆ. 2025ರ ಜೂನ್‌ನಲ್ಲಿ ಸುಳ್ಳು ಸುದ್ದಿ ತಡೆಯುವ ಮಸೂದೆಯ ಕರಡು ಹೊರಗೆ ಬಂತು. ಏಳು ವರ್ಷದವರೆಗೆ ಜೈಲು, ಯಾವುದು ಸುಳ್ಳು ಅಂತ ನೋಡಲು ಮಂತ್ರಿಯೇ ಅಧ್ಯಕ್ಷನಾದ ಪ್ರಾಧಿಕಾರ. ಕೋಮುವಾದಿಗಳನ್ನು ಹಿಡಿಯಲು ಅಂದರು. ಇವತ್ತು ಅವರನ್ನು ಹಿಡಿಯಲು ಹೆಣೆದ ಬಲೆ ನಾಳೆ ಅವರ ಕೈಗೇ ಸಿಗುತ್ತೆ. ಆಗ ಅದರಲ್ಲಿ ಮೊದಲು ಬೀಳುವವನು ಕೇರಿಯ ಕರಪತ್ರ ಬರೆಯುವ ಹುಡುಗ.

ಹಾಗಂತ ಎಲ್ಲ ಒಂದೇ, ಓಟೇ ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ. ಆ ಮಾತು ಹೊಟ್ಟೆ ತುಂಬಿದವರದ್ದು. ಸಂವಿಧಾನವನ್ನೇ ಕಿತ್ತೊಗೆಯಬೇಕು ಅನ್ನುವವರಿಗೂ, ಅದನ್ನು ಬಾಯಲ್ಲಾದರೂ ಒಪ್ಪುವವರಿಗೂ ವ್ಯತ್ಯಾಸ ಇದೆ. ಒಪ್ಪಿದವರನ್ನು ಕೇಳಬಹುದು. ದೇವನಹಳ್ಳಿಯ ರೈತರು ಕೇಳಿದರು. ಇದೇ ಸರ್ಕಾರದ ಎದುರು ಸಾವಿರ ದಿನಕ್ಕೂ ಹೆಚ್ಚು ಕಾಲದ ಹೋರಾಟವನ್ನು ಬಿಡದೆ ನಡೆಸಿದರು. ನಮ್ಮವರಲ್ಲವೇ ಅಂತ ಮುಲಾಜು ನೋಡಲಿಲ್ಲ. 2025ರ ಜುಲೈ 15ರಂದು ಸರ್ಕಾರ 1,777 ಎಕರೆ ಸ್ವಾಧೀನ ಕೈಬಿಟ್ಟಿತು. ಓಟು ಹಾಕಿದವನಿಗೆ ಕೇಳುವ ಹಕ್ಕು ಜಾಸ್ತಿ, ಕಡಿಮೆಯಲ್ಲ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದು ಇದನ್ನೇ. ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿ ಆಗಬಹುದು, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅನ್ನುವ ಅರ್ಥದ ಮಾತು. ನಾವು ಅದನ್ನು ಮೋದಿ ಭಕ್ತರಿಗೆ ಹೇಳಲು ಇಟ್ಟುಕೊಂಡಿದ್ದೇವೆ. ಅರಸು ಭಕ್ತರಿಗೆ, ಹೆಗಡೆ ಭಕ್ತರಿಗೆ, ಇವತ್ತಿನ ನಮ್ಮ ನಾಯಕರ ಭಕ್ತರಿಗೆ ಆ ಮಾತು ಅನ್ವಯಿಸುವುದಿಲ್ಲವೇ?

ನಮ್ಮ ಬೇಡಿಕೆ ದೊಡ್ಡದಲ್ಲ. ನ್ಯಾಯಾಧೀಶರ ಲಿಖಿತ ಅಪ್ಪಣೆ ಇಲ್ಲದೆ ಯಾರ ಫೋನನ್ನೂ ಕೇಳಬಾರದು. ವರ್ಷಕ್ಕೆ ಎಷ್ಟು ಜನರ ಮಾತು ಕೇಳಿದರು ಅನ್ನುವ ಲೆಕ್ಕವನ್ನು ವಿಧಾನಸಭೆಯಲ್ಲಿ ಇಡಬೇಕು. ಕೇಳಿಸಿಕೊಂಡವನಿಗೆ ತನಿಖೆ ಮುಗಿದ ಮೇಲಾದರೂ ತಿಳಿಸಬೇಕು. ಸಭೆ, ಮೆರವಣಿಗೆ ಮಾಡುವವರ ಪಟ್ಟಿ ಬರೆದಿಡುವ ಪದ್ಧತಿ ನಿಲ್ಲಬೇಕು. ಹಳೆಯ ಜೈಲಿನ ಗೋಡೆಯಿಂದ ಪ್ರತಿಭಟನೆಯನ್ನು ಬಿಡಿಸಬೇಕು. ಕಾಯ್ದೆ ದಿಲ್ಲಿಯದ್ದು, ನಮ್ಮ ಕೈಯಲ್ಲಿ ಏನಿದೆ ಅಂತ ಮಂತ್ರಿಗಳು ಹೇಳುತ್ತಾರೆ. ಕೇಳಲು ಆದೇಶ ಮಾಡುವ ರಾಜ್ಯದ ಗೃಹ ಕಾರ್ಯದರ್ಶಿ ಯಾರ ಕೈಕೆಳಗೆ ಇದ್ದಾನೆ? ಬೆಂಗಳೂರಿನ ಪೊಲೀಸ್ ಕಮಿಷನರ್ ಯಾರ ಕೈಕೆಳಗೆ ಇದ್ದಾನೆ? ಮನಸ್ಸಿದ್ದರೆ ನಾಳೆ ಬೆಳಿಗ್ಗೆಯೇ ಮಾಡಬಹುದಾದ ಕೆಲಸ ಇದರಲ್ಲಿ ಅರ್ಧದಷ್ಟಿದೆ.

ವಿದ್ಯಾರ್ಥಿ ಗೆಳೆಯರೇ, ನಿಮ್ಮ ಸಂಘದ ಹಿರಿಯರು ಯಾರಾದರೂ “ಈಗ ಬೇಡ ಕಣೋ” ಅಂದರೆ ಕೇಳಬೇಡಿ. ಆ ಹಿರಿಯ ನಾನೇ ಆಗಿದ್ದರೂ ಕೇಳಬೇಡಿ. 1988ರಲ್ಲಿ ಮಡಿಚಿ ಜೇಬಿಗೆ ಹಾಕಿಕೊಂಡ ಆ ಕರಪತ್ರ ನನ್ನ ಟ್ರಂಕಿನಲ್ಲಿ ಇನ್ನೂ ಇದೆ, ಮಡಿಕೆಯಲ್ಲಿ ಹರಿದಿದೆ. ಅದರ ಮೊದಲ ಸಾಲನ್ನು ಮೇಲೆ ಬರೆದಿದ್ದೇನೆ. ಬೇಕಾದರೆ ಅಲ್ಲಿಂದಲೇ ಮುಂದುವರಿಸಿ. ಮುದ್ರಣಕ್ಕೆ ನನ್ನ ಹತ್ತು ರೂಪಾಯಿ ಬಾಕಿ ಇದೆ, ಬಡ್ಡಿ ಸೇರಿಸಿ ಕೊಡುತ್ತೇನೆ.